ಮುಹೂರ್ತ ಮುಗಿದ ಮೇಲಿನ ನಾಲ್ಕು ಫ್ರೇಮು

ತಮ್ಮಣ್ಣನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬಸವೇಶ್ವರನಗರದ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನ ಇನ್ನೂ ನನ್ನ ಹತ್ತಿರ ಮದುವೆ ಫೋಟೊ ತೆಗೆಸಿಲ್ಲ, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಗಿರಿಜಾ ಫೋಟೊ ಸ್ಟುಡಿಯೋ ನಡೆಸುತ್ತಿದ್ದೇನೆ. ಹೆಸರು ಹೆಂಡತಿ ಗಿರಿಜಾದೇವಿಯದು, ಬಯ್ಗುಳ ತಿನ್ನುವುದು ಮಾತ್ರ ನಾನು. ಧಾರೆಯ ಹೊತ್ತಿಗೆ ಸರಿಯಾಗಿ ಲೆನ್ಸಿಗೆ ಅಡ್ಡ ಬರುವ ಸೋದರಮಾವಂದಿರನ್ನು ಇಪ್ಪತ್ತೆರಡು ವರ್ಷ ಸಹಿಸಿಕೊಂಡವನಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ, ಜ್ಞಾನೋದಯವೇ?

ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ದಾನಮ್ಮನದು. ರಾಣೆಬೆನ್ನೂರು ಕಡೆಯ ಹುಡುಗಿ. ತಾಯಿ ಗುರವ್ವನ ಜೊತೆ ಸುಂಕದಕಟ್ಟೆಯಲ್ಲಿ ಒಂದೇ ರೂಮಿನ ಬಾಡಿಗೆ ಮನೆ. ತಾಯಿ ಊದುಬತ್ತಿ ಹೊಸೆಯುತ್ತಿದ್ದಳು. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿಯಲ್ಲಿ ಇಂಗ್ಲಿಷಿನ ಕೈಯಲ್ಲಿ ಸೋತು, 2002ರಲ್ಲಿ ನನ್ನ ಸ್ಟುಡಿಯೋಗೆ ಕೆಲಸಕ್ಕೆ ಸೇರಿದಳು. ಆಗ ಅವಳಿಗೆ ಹತ್ತೊಂಬತ್ತು. ರಸೀದಿ ಬರೆಯುವುದು, ಪಾಸ್‌ಪೋರ್ಟ್ ಫೋಟೊ ಕತ್ತರಿಸುವುದು, ಮದುವೆ ಆಲ್ಬಮ್ಮಿಗೆ ಫೋಟೊ ಅಂಟಿಸುವುದು ಅವಳ ಕೆಲಸ. ಕೈ ಬಹಳ ಚೊಕ್ಕ. ಬಾಯಿಯೂ ಕಡಿಮೆ ಏನಲ್ಲ.

ಅವಳಿಗೆ ಈ ಹಕ್ಕಿ ಹುಚ್ಚು ಹತ್ತಿಸಿದವರು ನಮ್ಮ ಗಿರಾಕಿ ಲಿಂಗಪ್ಪನವರು. ಬ್ಯಾಂಕಿನಿಂದ ರಿಟೈರ್ ಆದವರು, ಒನಕೆಯಂಥ ಲೆನ್ಸ್ ಇಟ್ಟುಕೊಂಡವರು, ರಾಜಾಜಿನಗರದ ಒಂದು ಪಕ್ಷಿ ಫೋಟೊ ಬಳಗದ ಕಾರ್ಯದರ್ಶಿ. ಅವರು ರಾಜಸ್ಥಾನದವರೆಗೆ ಹೋಗಿ ತೆಗೆದ ಹಕ್ಕಿಯ ಫೋಟೊವನ್ನು ದಾನಮ್ಮ ಕವರಿಗೆ ಹಾಕುವಾಗ ನೋಡಿದಳು. "ಸರ, ಇದು ನಮ್ಮೂರ ಕೆರಿ ದಂಡ್ಯಾಗ ದಿನಾ ಕುಂತಿರ್ತೈತ್ರಿ. ಇದಕ್ಕ ಇವ್ರು ಅಷ್ಟು ದೂರ ಯಾಕ ಹೋಗಿದ್ರ?" ಎಂದಳು.

"ಅವರಿಗೆ ದುಡ್ಡಿದೆ, ಹೋಗ್ತಾರೆ. ನೀನು ಕವರಿಗೆ ಹಾಕಮ್ಮ" ಎಂದೆ.

ಅವಳು ಕವರಿಗೆ ಹಾಕಿದಳು. ಆದರೆ ತಲೆಗೂ ಹಾಕಿಕೊಂಡಳು.

ಆ ಕಾಲದಲ್ಲಿ ನಮ್ಮ ಕಸುಬು ರೀಲಿನದು. ಒಂದು ರೀಲಿಗೆ ಮೂವತ್ತಾರು ಫೋಟೊ. ಮದುವೆ ಮುಗಿದಾಗ ಕೊನೇ ರೀಲಿನಲ್ಲಿ ಮೂರೋ ನಾಲ್ಕೋ ಫ್ರೇಮು ಉಳಿದೇ ಉಳಿಯುತ್ತದೆ. ಅದನ್ನು ನಾವು ಸ್ಟುಡಿಯೋ ಗೋಡೆಗೋ ಕ್ಯಾಲೆಂಡರಿಗೋ ಹೊಡೆದು, ರೀಲು ತಿರುಗಿಸಿ, ಲ್ಯಾಬಿಗೆ ಕಳಿಸುತ್ತಿದ್ದೆವು. ಒಂದು ದಿನ ನಾನು ಹೀಗೆ ಫ್ಯಾನಿನ ಫೋಟೊ ಹೊಡೆಯುತ್ತಿದ್ದಾಗ ದಾನಮ್ಮ ಕೈ ಅಡ್ಡ ಹಿಡಿದಳು.

"ಸರ, ಆ ನಾಕು ನನಗ ಕೊಡ್ರಿ."

"ಏನ್ ಮಾಡ್ತೀಯ?"

"ಹಕ್ಕಿ ತಗೀತೀನ್ರಿ. ಫ್ಯಾನ್ ಎಲ್ಲಿ ಹೋಗ್ತೈತ್ರಿ, ನಾಳೆನೂ ಇಲ್ಲೇ ಇರ್ತೈತಿ."

ಮಾತಿಗೆ ಎದುರಾಡುವಂತಿರಲಿಲ್ಲ. ಹೀಗೆ ಶುರುವಾಯಿತು ಅವಳ ವಿದ್ಯಾಭ್ಯಾಸ. ಮುಹೂರ್ತ ಮುಗಿದ ಮೇಲಿನ ನಾಲ್ಕು ಫ್ರೇಮು ಅವಳದು. ಲಗ್ನಗಳಿದ್ದರೆ ಅವಳಿಗೆ ಪಾಠ, ಆಷಾಢ ಬಂದರೆ ರಜೆ. ಸ್ಟುಡಿಯೋ ಬೀದಿಯ ಹೊಂಗೆ ಮರ ಅವಳ ಕಾಡು. ನನ್ನ ಹಳೇ ಜೂಮ್ ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು. ಅದನ್ನೇ ಕೊಟ್ಟೆ. ಪಕ್ಷಿಗಳಿಗೆ ಗೊತ್ತಾಗುವುದಿಲ್ಲವಲ್ಲ.

ಮೊದಲ ಎರಡು ತಿಂಗಳು ಅವಳು ತೆಗೆದದ್ದು ಬರೀ ಆಕಾಶ. ಆಮೇಲೆ ಆಕಾಶದ ಮೂಲೆಯಲ್ಲಿ ಬಾಲ. "ಇದು ಯಾವ ಹಕ್ಕಿ?" ಎಂದರೆ, "ಹ್ವಾದ ಹಕ್ಕಿ ಸರ" ಎನ್ನುತ್ತಿದ್ದಳು. ನಾನು ತಲೆ ಚಚ್ಚಿಕೊಂಡು ಹೇಳಿಕೊಟ್ಟೆ. ಉಸಿರು ಬಿಗಿ ಹಿಡಿ, ಗುಂಡಿಯನ್ನು ದೋಸೆ ಮಗುಚಿದ ಹಾಗೆ ಒತ್ತಬೇಡ, ಕಣ್ಣಿಗೆ ಫೋಕಸ್ ಮಾಡು. ಮದುವೆ ಫೋಟೊದವನಿಗೆ ಗೊತ್ತಿರುವ ವಿದ್ಯೆ ಅಷ್ಟೇ. "ಇಲ್ಲಿ ನೋಡಿ, ಸ್ವಲ್ಪ ನಗಿ" ಅಂತ ಹಕ್ಕಿಗೆ ಹೇಳುವ ಹಾಗಿಲ್ಲ. ಅದಕ್ಕೆ ಬೇಕಾದ ತಾಳ್ಮೆ ನನ್ನ ಹತ್ತಿರ ಇರಲಿಲ್ಲ. ಅದನ್ನು ಅವಳೇ ಎಲ್ಲಿಂದಲೋ ತಂದುಕೊಂಡಳು.

"ಊರಾಗ ಜಿಂಕಿ ಹಿಂಡು ಹೊಲಕ್ಕ ಬರ್ತಿದ್ವು ಸರ. ಡಬ್ಬಿ ಬಡದು ಓಡಸೂದ ನನ್ನ ಕೆಲಸ. ಅದಕ್ಕ ಈ ಹಕ್ಕಿ ನನ್ನ ನೋಡಿ ಓಡ್ತಾವೇನೋ, ಸುದ್ದಿ ಮುಟ್ಟೈತಿ" ಎಂದು ನಗುತ್ತಿದ್ದಳು.

ನಡುವೆ ಒಂದು ಅನಾಹುತವೂ ಆಯಿತು. ವಿಜಯನಗರದವರ ಮದುವೆಯ, ಆಲ್ಬಮ್ಮಿಗೆ ಆರಿಸಲು ಕೊಡುವ ಪ್ರೂಫ್ ಫೋಟೊಗಳ ಜೊತೆ, ಅದೇ ರೀಲಿನ ಕೊನೆಯ ನಾಲ್ಕು ಫ್ರೇಮೂ ಪ್ರಿಂಟಾಗಿ ಹೋಗಿಬಿಟ್ಟಿತು. ಹೆಣ್ಣಿನ ತಂದೆ ಆ ಫೋಟೊಗಳ ಕಟ್ಟು ಹಿಡಿದು ಬಂದರು. ಬೀಗರ ಔತಣದ ಫೋಟೊ ಆದ ಮೇಲೆ ಕುತ್ತಿಗೆ ಒಳಗೆಳೆದುಕೊಂಡು ಕೂತ ಒಂದು ಕೊಕ್ಕರೆ. ಅವರು ಬಹಳ ಮರ್ಯಾದೆಯಿಂದ ಕೇಳಿದರು. "ತಮ್ಮಣ್ಣನೋರೇ, ಇವರು ಗಂಡಿನ ಕಡೆಯೋರಾ?"

ಆ ದಿನ ನಾನು ದಾನಮ್ಮನಿಗೆ ಬೈದ ಬೈಗುಳ ಎದುರಿನ ಕ್ಲಿನಿಕ್ಕಿನವರೆಗೆ ಕೇಳಿಸಿತಂತೆ. ಅವಳು ಎಲ್ಲ ಕೇಳಿಸಿಕೊಂಡು, "ಸರ, ಫೋಕಸ್ ಬರೋಬ್ಬರಿ ಬಂದೈತಿ ನೋಡ್ರಿ" ಎಂದಳು. ನೋಡಿದೆ. ಬಂದಿತ್ತು. ಕೊಕ್ಕರೆಯ ಹಳದಿ ಕಣ್ಣು ಗಾಜಿನ ಗೋಲಿಯ ಹಾಗೆ ಹೊಳೆಯುತ್ತಿತ್ತು.

2003ರ ಏಪ್ರಿಲ್‌ನಲ್ಲಿ ಲಿಂಗಪ್ಪನವರು ಒಂದು ಕರಪತ್ರ ತಂದು ಕೌಂಟರಿನ ಮೇಲಿಟ್ಟರು. ಅವರ ಬಳಗದಿಂದ ಹೊಸಬರಿಗಾಗಿ ವನ್ಯಜೀವಿ ಫೋಟೊ ಸ್ಪರ್ಧೆ. ಮೇ ಕೊನೆಗೆ ಫೋಟೊ ಕೊಡಬೇಕು. ಆಯ್ಕೆಯಾದ ಹತ್ತು ಜನರನ್ನು ಬಳಗದವರೇ ಕಬಿನಿ ಕಡೆಯ ಕಾಡಿಗೆ ನಾಲ್ಕು ದಿನ ಕರೆದುಕೊಂಡು ಹೋಗುತ್ತಾರೆ. ಬಸ್ಸು, ಊಟ ಎಲ್ಲ ಅವರದೇ. ದೊಡ್ಡ ಲೆನ್ಸುಗಳನ್ನೂ ಕೈಗೆ ಕೊಡುತ್ತಾರೆ.

ದಾನಮ್ಮ ಆ ಕಾಗದವನ್ನು ನಾಲ್ಕು ಸಲ ಓದಿದಳು. "ಸರ, ನಾ ಕಾಡ ನೋಡೇ ಇಲ್ರಿ" ಎಂದಳು. ಆ ನಾಲ್ಕು ಫ್ರೇಮು ಬಿಟ್ಟರೆ ಯಾವತ್ತೂ ಏನನ್ನೂ ಬೇಡದ ಹುಡುಗಿ ಅವಳು. ನಾನು ಬಾಯಲ್ಲಿ ಮಾತ್ರ, "ನೋಡೋಣ, ನೋಡೋಣ, ಮೊದಲು ಆ ಪಾಸ್‌ಪೋರ್ಟ್ ಫೋಟೊ ಕತ್ತರಿಸು" ಎಂದೆ.

ಮಂಗಳವಾರ ಮದುವೆ ಇರುವುದಿಲ್ಲ, ಅವತ್ತು ನಮಗೆ ರಜೆ. ಅವಳು ಸುಂಕದಕಟ್ಟೆಯಿಂದ ಮಾಗಡಿ ರೋಡಿನಲ್ಲಿ ಬಸ್ಸು ಹತ್ತಿ ಬ್ಯಾಡರಹಳ್ಳಿ ದಾಟಿ ಹೊಲಗಳ ಕಡೆ ತಿರುಗಾಡಿ ಬರುತ್ತಿದ್ದಳು. ಮೇ ಮೊದಲ ವಾರ ಬುಧವಾರ ಬೆಳಿಗ್ಗೆ ಬಂದವಳೇ ಚಪ್ಪಲಿ ಬಿಡುವುದನ್ನೂ ಮರೆತು ಹೇಳಿದಳು. ಒಂದು ಖಾಲಿ ನೆಲದಲ್ಲಿ ಟಿಟ್ಟಿಭ ಹಕ್ಕಿ ಕಾವು ಕೂತಿದೆ. ಗೂಡಿಲ್ಲ, ಗೀಡಿಲ್ಲ. ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ತುಳಿದ ಮೇಲೇ ಗೊತ್ತಾಗಬೇಕು.

"ಯಾರಾರ ತುಳದಗಿಳದಾರು ಅಂತ ಸುತ್ತ ನಾಕು ಕಲ್ಲಿಗೆ ಸುಣ್ಣ ಬಳದು ಇಟ್ಟು ಬಂದೀನಿ ಸರ. ಮರಿ ಹೊರಗ ಬರೂದು ತಗದ್ರ, ಹತ್ತರಾಗ ಒಂದು ನಂದ ಇರ್ತೈತಿ."

ಅಷ್ಟು ದೂರಕ್ಕೆ ಮದುವೆಯ ಕ್ಯಾಮೆರಾವನ್ನು ಹುಡುಗಿಯೊಬ್ಬಳ ಕೈಗೆ ಕೊಟ್ಟು ಕಳಿಸುವ ಗುಂಡಿಗೆ ನನಗಿಲ್ಲ. ನಾನೇ ಹೊರಟೆ. ಮುಂದಿನ ಮಂಗಳವಾರ ನನ್ನ ಸ್ಕೂಟರಿನ ಹಿಂದೆ ವಿಡಿಯೋದ ಭಾರೀ ಸ್ಟ್ಯಾಂಡು, ಬಿಸಿಲಿಗೆ ಸ್ಟುಡಿಯೋದ ದೊಡ್ಡ ಛತ್ರಿ, ಬೆಳಕಿನ ಲೆಕ್ಕ ಬರೆದುಕೊಳ್ಳಲು ನೋಟುಬುಕ್ಕು, ಎಲ್ಲವನ್ನೂ ಕಟ್ಟಿಕೊಂಡು ದಾನಮ್ಮನ ಜೊತೆ ಹೋದೆ.

ಈಗ ನೀವೇ ಯೋಚಿಸಿ. ಆ ವರ್ಷ ಆ ಕಡೆಯ ಹಳ್ಳಿಗಳಲ್ಲಿ, ಲೇಔಟಿಗೆ ಜಮೀನು ಹೋಗುತ್ತದಂತೆ ಎನ್ನುವ ಸುದ್ದಿ ಬಿಟ್ಟರೆ ಬೇರೆ ಸುದ್ದಿಯೇ ಇರಲಿಲ್ಲ. ಅಂಥ ಕಡೆ, ಒಬ್ಬ ಕನ್ನಡಕದ ಗಂಡಸು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಒಬ್ಬಳು ಛತ್ರಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ನೋಟುಬುಕ್ಕಿನಲ್ಲಿ ಅಂಕಿ ಬರೆಯುತ್ತಾರೆ. ಎದುರಿಗೆ ಸುಣ್ಣ ಬಳಿದ ನಾಲ್ಕು ಕಲ್ಲು. ಅರ್ಧ ಗಂಟೆಯಲ್ಲಿ ಊರೇ ಬದುವಿನ ಮೇಲೆ ಬಂದು ನಿಂತಿತ್ತು.

ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು ಮುಂದೆ ಬಂದರು. ಹೆಸರು ಮುನಿಯಪ್ಪ ಎಂದು ಆಮೇಲೆ ಗೊತ್ತಾಯಿತು. "ಸಾರ್, ಲೈನು ಎಲ್ಲಿಂದ ಎಲ್ಲೀಗಂಟ ಬತ್ತದೆ?" ಎಂದು ಕೇಳಿದರು.

ನನಗೆ ಮೊಟ್ಟೆಯ ಚಿಂತೆ. ಅವರ ಕಾಲು ಸುಣ್ಣದ ಕಲ್ಲಿನ ಹತ್ತಿರವೇ ಇತ್ತು. ಸಿಟ್ಟು ನೆತ್ತಿಗೇರಿತು. "ಈ ಕಲ್ಲಿಂದ ಆ ಕಲ್ಲಿನವರೆಗೆ ಯಾರೂ ಕಾಲಿಡಬಾರದು! ಹಿಂದೆ ಹೋಗ್ರಿ ಎಲ್ಲ!" ಎಂದು ಗುಡುಗಿದೆ.

ಊರೆಲ್ಲ ನಾಲ್ಕು ಮಾರು ಹಿಂದೆ ಸರಿಯಿತು. ಸರ್ಕಾರಿ ಗತ್ತು ಎಂದರೆ ಅದು.

ಸ್ವಲ್ಪ ಹೊತ್ತಿಗೆ ಎರಡು ಎಳನೀರು ಬಂತು. ಮುನಿಯಪ್ಪನವರು ನನ್ನ ಕಿವಿಯ ಹತ್ತಿರ ಬಾಗಿ, "ನಮ್ದು ಆ ಬೇವಿನ ಮರದಾಚೆ ಸಾರ್. ಅದೊಂದು ಬುಟ್ಬುಡಿ. ಇದು ಬೋರಮ್ಮಂದು, ಬೇಕಾದ್ರೆ ಪೂರ್ತಿ ಹಾಕ್ಕೊಳಿ" ಎಂದರು. ಆಗ ನನಗೆ ಎಲ್ಲ ಅರ್ಥವಾಯಿತು. ನಾವು ಖಾಲಿ ನೆಲ ಅಂದುಕೊಂಡದ್ದು ಯಾರದೋ ಹೊಲ ಎಂಬುದೂ ಆಗಲೇ ತಿಳಿದದ್ದು.

ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ಆಗಲೇ ಹೇಳಬಹುದಿತ್ತು, "ಸ್ವಾಮಿ, ನಾವು ಫೋಟೊದವರು" ಎಂದು. ಹೇಳಲಿಲ್ಲ. ಜನ ದೂರ ನಿಂತಿದ್ದರು, ಹಕ್ಕಿ ನೆಮ್ಮದಿಯಾಗಿ ಕಾವು ಕೂತಿತ್ತು, ಎಳನೀರು ಸಿಹಿಯಾಗಿತ್ತು.

"ಸರ, ಇವ್ರು ಯಾಕ ನಮಗ ಎಳನೀರು ಕೊಡಾಕತ್ತಾರ?" ಎಂದು ದಾನಮ್ಮ ಕೇಳಿದಳು.

"ಪಕ್ಷಿಪ್ರೇಮ ಕಣಮ್ಮ, ಕುಡಿ" ಎಂದೆ.

ಎರಡು ವಾರ ಕಳೆಯಿತು. ನಡುವೆ ಮಳೆಯೂ ಬಿತ್ತು. ಮೇ ಕೊನೆಯ ಮಂಗಳವಾರ ಹೋದಾಗ ರೀಲಿನಲ್ಲಿ ನಾಲ್ಕೇ ಫ್ರೇಮು. ಮೊಟ್ಟೆ ಒಡೆಯಲು ಇನ್ನು ಎರಡೋ ಮೂರೋ ದಿನ ಎಂದು ದಾನಮ್ಮನ ಲೆಕ್ಕ. ಸ್ಟ್ಯಾಂಡು ನಿಲ್ಲಿಸಿ, ಫೋಕಸ್ ಮಾಡಿ, ಕೂತೆವು. ಅಷ್ಟರಲ್ಲಿ ಬದುವಿನ ಕಡೆಯಿಂದ ಒಬ್ಬ ಹೆಂಗಸು ತುರುಬು ಬಿಚ್ಚಿಕೊಂಡು ಓಡಿ ಬಂದು, ನಮ್ಮ ಕ್ಯಾಮೆರಾದ ಮುಂದೆ ಕಾಲು ಚಾಚಿ ನೆಲದ ಮೇಲೆ ಕೂತುಬಿಟ್ಟರು. ಹಿಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಅದರ ಮೇಲೆ ಅವರ ಮಗ ಭೈರೇಶ್. ಅವರೇ ಬೋರಮ್ಮ.

"ನನ್ ಮ್ಯಾಲೆ ಹಾಯ್ಸ್ಕಂಡು ಹೋಗ್ರೋ! ಮಳೆ ಬಿದ್ದು ಮೂರ್ ದಿನ ಆತು, ರಾಗಿಗೆ ಉಳಾಕೆ ಬುಡ್ತಿಲ್ಲ ಊರೋರು. ಸರ್ಕಾರದ ಕಲ್ಲಂತೆ, ಮುಟ್ಬಾರ್ದಂತೆ! ಗಂಡ ಸತ್ ಮ್ಯಾಲೆ ಈ ನೆಲ ಹಿಡ್ಕಂಡೇ ಇಬ್ರು ಮಕ್ಳು ಸಾಕಿವ್ನಿ. ಎಬ್ಬಿಸ್ರಲಾ ನೋಡಾನ!"

ಎರಡೂ ಕೈಯಲ್ಲಿ ಮಣ್ಣು ಬಾಚಿ ನನ್ನ ಕಡೆ ತೂರಿದರು. ಅತ್ತ ಹಕ್ಕಿ ಎದ್ದು ನೆತ್ತಿಯ ಮೇಲೆ ಸುತ್ತುತ್ತಾ ಕಿರುಚಲು ಶುರುಮಾಡಿತು. ಇತ್ತ ಇವರು. ಯಾವ ಕೂಗು ಯಾರದೆಂದು ತಿಳಿಯದಂತಾಯಿತು.

"ಸರ, ಇವ್ರು ಏನಂತಾರ? ಯಾವ ಸರ್ಕಾರದ ಕಲ್ಲು?" ದಾನಮ್ಮನ ಮುಖ ಬಿಳಿಚಿಕೊಂಡಿತ್ತು.

ನಾನು ಪಿಸುಗುಟ್ಟಿದೆ. "ಸುಮ್ನಿರು. ನಮ್ಮನ್ನ ಸರ್ವೆಯವರು ಅಂದ್ಕೊಂಡಿದ್ದಾರೆ. ಇನ್ನೆರಡು ದಿನ ಅಷ್ಟೇ. ಮರಿ ಬಂದ ಮೇಲೆ ಹೇಳೋಣ. ಈಗ ಹೇಳಿದ್ರೆ ಉತ್ತು ಬಿಸಾಕ್ತಾರೆ, ನಿನ್ನ ಕಾಡಿಗೆ ಎಳ್ಳುನೀರು ಬಿಡಬೇಕಾಗುತ್ತೆ."

ಅವಳು ನನ್ನನ್ನು ಒಂದು ಸಲ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಬೀಗರೂ ನನ್ನನ್ನು ಹಾಗೆ ನೋಡಿಲ್ಲ. ಛತ್ರಿ ಕೆಳಗಿಟ್ಟು, ಹೋಗಿ ಬೋರಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವ್ವಾ, ನಾವು ಸರ್ವೆದವ್ರು ಅಲ್ರಿ. ಫೋಟೊದವ್ರು. ಆ ಕಲ್ಲು ಸರ್ಕಾರದ್ದಲ್ಲ, ಸುಣ್ಣ ಬಳದಾಕಿ ನಾನ. ಅಲ್ಲಿ ಟಿಟ್ಟಿಬ ತತ್ತಿ ಇಟ್ಟೈತಿ, ಯಾರೂ ತುಳೀಬಾರ್ದಂತ ಇಟ್ಟೀನಿ. ನಿಮ್ಮ ಹೊಲ ನಿಮ್ದ ಐತ್ರಿ, ಯಾರೂ ಒಯ್ಯಾಂಗಿಲ್ಲ. ತಪ್ಪಾತ್ರೀ ಅವ್ವಾ."

ಬದುವಿನ ಮೇಲಿಂದ ಮುನಿಯಪ್ಪನವರ ದನಿ ಕೇಳಿಸಿತು. "ಹಂಗಾರೆ ನನ್ ಎಳನೀರು?"

ಬೋರಮ್ಮ ಎದ್ದು ತುರುಬು ಕಟ್ಟಿಕೊಂಡರು. ನನ್ನ ಕಡೆ ತಿರುಗಿ, "ನಿನ್ ಮನೆ ಕಾಯ್ವಾಗ! ಹಕ್ಕಿ ಫೋಟೊ ತಗಿಯಾಕೆ ನನ್ ಹೊಟ್ಟೆಗೆ ಬೆಂಕಿ ಹಾಕ್ದೇನೋ? ಮೂರ್ ದಿನ ಅನ್ನ ಸೇರಿಲ್ಲ ಕಣೋ ನಂಗೆ!" ಎಂದು ಶುರುಮಾಡಿದವರು ನನ್ನ ಮೂರು ತಲೆಮಾರನ್ನು ಹೆಸರು ಗೊತ್ತಿಲ್ಲದಿದ್ದರೂ ಸರಿಯಾಗಿ ಬೈದರು. ಕೊನೆಗೆ, "ಹೊಡಿಯೋ ಗಾಡಿ ಭೈರಾ! ತತ್ತಿನೂ ಬ್ಯಾಡ, ಮೊಟ್ಟೆನೂ ಬ್ಯಾಡ!" ಎಂದು ಕೂಗಿದರು.

ಟ್ರ್ಯಾಕ್ಟರು ಹೊಗೆ ಬಿಟ್ಟು ಹೊರಟಿತು. ದಾನಮ್ಮ "ಅಣ್ಣಾ, ನಿಲ್ಲಸ್ರೀ" ಎಂದು ಕಿರುಚಿದಳು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಏನು ಕೇಳಿಸಬೇಕು? ಸುಣ್ಣದ ಕಲ್ಲೊಂದು ಚಕ್ರದಡಿ ಸಿಕ್ಕಿ ಹೂತುಹೋಯಿತು.

ಆಗ ಹಕ್ಕಿ ಇಳಿಯಿತು. ಮೊಟ್ಟೆಗಳ ಮುಂದೆ, ಟ್ರ್ಯಾಕ್ಟರಿನ ಎದುರಿಗೇ ನಿಂತು ಎರಡೂ ರೆಕ್ಕೆ ಅಗಲಿಸಿ, ಕತ್ತು ಚಾಚಿ ಬೈಯಲು ಹತ್ತಿತು. ಕೋಳಿಯಷ್ಟೂ ಇಲ್ಲದ ಹಕ್ಕಿ. ಎದುರಿಗಿದ್ದದ್ದು ತನ್ನ ನಾಲ್ಕರಷ್ಟು ಎತ್ತರದ ಚಕ್ರ. ಭೈರೇಶ್ ತಾನಾಗಿಯೇ ಬ್ರೇಕ್ ಹಾಕಿದ. ಚಕ್ರಕ್ಕೂ ಹಕ್ಕಿಗೂ ಒಂದು ಗಜ ಇದ್ದಿರಬೇಕು. ಎಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು. ಹಕ್ಕಿ ಕದಲಲಿಲ್ಲ.

ದಾನಮ್ಮ ಅಳುತ್ತಲೇ ಕ್ಯಾಮೆರಾದ ಹತ್ತಿರ ಬಂದಳು. ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ಉಸಿರು ಬಿಗಿಹಿಡಿದು ಒತ್ತಿದಳು. ನಾಲ್ಕೂ ಫ್ರೇಮು ಮುಗಿಯಿತು.

ಬೋರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಹಕ್ಕಿಯನ್ನು ನೋಡುತ್ತಾ ನಿಂತಿದ್ದರು. "ಥೂ ಇದ್ರ! ನನ್ನಂಗೇ ಆಡ್ತದಲ್ಲೋ" ಎಂದರು. ಆಮೇಲೆ ಮಗನಿಗೆ, "ಬಳಸ್ಕಂಡು ಹೋಗ್ಲಾ. ಅಷ್ಟಗಲ ಬುಟ್ರೆ ನಾವೇನ್ ಉಪಾಸ ಸಾಯಲ್ಲ" ಎಂದರು. ಟ್ರ್ಯಾಕ್ಟರು ಬಳಸಿಕೊಂಡು ಹೋಯಿತು. ಇಡೀ ಹೊಲ ಕೆಂಪಗೆ ಉತ್ತ ಮೇಲೂ ಮಧ್ಯದಲ್ಲಿ ಒಂದು ಚಾಪೆಯಗಲ ಜಾಗ ಹಾಗೇ ಉಳಿಯಿತು.

ರೀಲು ತೊಳೆದು ಬಂತು. ಮೂರು ಫ್ರೇಮು ಅಲುಗಾಡಿತ್ತು. ನಾಲ್ಕನೆಯದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದೆ. ಎಡಗಡೆ ಚಿತ್ರದ ಅಂಚನ್ನೂ ಮೀರಿದ ಮಣ್ಣು ಮೆತ್ತಿದ ಚಕ್ರ. ಬಲಗಡೆ ರೆಕ್ಕೆ ಬಿಚ್ಚಿದ ಹಕ್ಕಿ, ತೆರೆದ ಕೊಕ್ಕು, ಕೆಂಡದಂಥ ಕಣ್ಣು. ದೊಡ್ಡ ಪ್ರಿಂಟು ಹಾಕಿಸಿ, ಇಬ್ಬರೂ ಲಿಂಗಪ್ಪನವರ ಮನೆಗೆ ಓಡಿದೆವು.

ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಅದ್ಭುತ ಕಣಮ್ಮ. ಆದ್ರೆ ನಮ್ಮ ನಿಯಮ ಒಂದಿದೆ. ವನ್ಯಜೀವಿ ಚಿತ್ರದಲ್ಲಿ ಮನುಷ್ಯ ಮಾಡಿದ ವಸ್ತು ಏನೂ ಕಾಣಬಾರದು. ಟ್ರ್ಯಾಕ್ಟರ್ ಇದ್ರೆ ತೀರ್ಪುಗಾರರು ಪಕ್ಕಕ್ಕೆ ಇಟ್ಬಿಡ್ತಾರೆ. ಎಡಗಡೆ ಕತ್ತರಿಸಿ ತನ್ನಿ, ನಾಳೆ ಸಂಜೆವರೆಗೆ ಟೈಮಿದೆ. ಹಕ್ಕಿ ಒಂದೇ ಇದ್ರೆ ನಿನ್ನ ಸೀಟು ಬಸ್ಸಲ್ಲಿ ಗ್ಯಾರಂಟಿ."

ನನಗೆ ಹಾಲು ಕುಡಿದಷ್ಟು ಸಂತೋಷ. ಕತ್ತರಿಸುವುದು ಒಂದು ಕೆಲಸವೇ? ಮುರಿದುಬಿದ್ದ ಸಂಬಂಧದವರು ಎಂದು ಎಷ್ಟು ಗ್ರೂಪ್ ಫೋಟೊಗಳಿಂದ ಎಷ್ಟು ಚಿಕ್ಕಪ್ಪಂದಿರನ್ನು ಕತ್ತರಿಸಿ ಎಸೆದಿಲ್ಲ ನಾನು! ಮರುದಿನ ಬೆಳಿಗ್ಗೆ ಪ್ರಿಂಟನ್ನು ಕಟ್ಟರಿನ ಕೆಳಗಿಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದೆ. ದಾನಮ್ಮ ಪಕ್ಕದಲ್ಲಿ ನಿಂತು ಸ್ಕೇಲು ಹಿಡಿದಿದ್ದಳು. ಕಾಡಿಗೆ ಹಾಕಿಕೊಳ್ಳಲು ಮಾಸಲು ಹಸಿರು ಬಣ್ಣದ ಚೂಡಿದಾರ ಹೊಲಿಯಲು ಕೊಟ್ಟು ಬಂದಿದ್ದಳು.

ಆಗಲೇ, ಅವತ್ತು ದಾನಮ್ಮ ಹೇಳಿದ್ದ ಸ್ಟುಡಿಯೋ ಗುರುತು ಹಿಡಿದು ಬೋರಮ್ಮ ಬಂದರು, ಕೈಯಲ್ಲಿ ಮಾವಿನಕಾಯಿ ಚೀಲ. "ಮೂರ್ ಮರಿ ಆದ್ವು ಕಣವ್ವಾ. ನಾಕನೇದು ಕೊಳ್ತೋಯ್ತು. ಹುಟ್ಟಿದ್ ದಿನ್ವೇ ಓಡಾಡ್ತವೆ ಕಳ್ಳವು! ಎಲ್ಲಿ, ನಮ್ ಹೊಲದ್ ಫೋಟೊ ತೋರ್ಸು" ಎಂದರು. ಫೋಟೊ ನೋಡಿ ಬಾಯ್ತುಂಬ ನಕ್ಕರು. "ಅಯ್ಯೋ, ನೋಡೇ ಇದ್ರ ಧಿಮಾಕ!"

ದಾನಮ್ಮ ನಿಯಮವನ್ನು ವಿವರಿಸಿ, ಚಕ್ರವನ್ನು ಸ್ಕೇಲು ಮತ್ತು ಅಂಗೈಯಿಂದ ಮುಚ್ಚಿ, "ಹಿಂಗ ಇಷ್ಟ ಇರ್ತೈತ್ರಿ" ಎಂದು ತೋರಿಸಿದಳು. ಖಾಲಿ ನೆಲ, ಒಂದು ಹಕ್ಕಿ.

ಬೋರಮ್ಮ ಹಣೆ ಗಂಟಿಕ್ಕಿದರು. "ಇದ್ಯಾಕೆ ಹಿಂಗೆ ರೆಕ್ಕೆ ಹರವ್ಕಂಡು ನಿಂತದೆ? ಬಿಸ್ಲಿಗೆ ಒಣಗಿಸ್ಕಂತದಾ?"

ನಾನು ನಕ್ಕೆ. ದಾನಮ್ಮ ನಗಲಿಲ್ಲ. ಅಂಗೈ ತೆಗೆದಳು, ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು. ನಾನು ಕಟ್ಟರಿನ ಹಿಡಿ ಎತ್ತಿದ್ದೆ. ಅವಳು ಪ್ರಿಂಟನ್ನು ಮೆಲ್ಲಗೆ ಎಳೆದುಕೊಂಡಳು.

"ಸರ, ಬ್ಯಾಡ್ರಿ."

"ಏನ್ ಬ್ಯಾಡ? ತಲೆ ಕೆಟ್ಟಿದೆಯೇನೇ? ಕಾಡು! ನಾಲ್ಕು ದಿನ! ಒನಕೆ ಲೆನ್ಸು! ಎರಡು ಇಂಚು ಕಾಗದಕ್ಕೆ ಹೋಗಿ ಕಾಡು ಬಿಡ್ತೀಯ?"

"ಅದು ಯಾರ ಮುಂದ ನಿಂತಿತ್ತು ಅನ್ನೋದ ತಗದ್ ಮ್ಯಾಲೆ, ಅದು ನಿಂತಿದ್ದ ಸುಳ್ಳಾಗ್ತೈತ್ರಿ ಸರ" ಎಂದಳು.

ನಾನು ಬೈದೆ, ಕೂಗಾಡಿದೆ, ಕೊನೆಗೆ ಬೇಡಿಕೊಂಡೆ. ಕತ್ತರಿಸದೆಯೇ ಕೊಟ್ಟು ಬಂದಳು. ಆಯ್ಕೆಯಾಗಲಿಲ್ಲ. ಲಿಂಗಪ್ಪನವರೇ ಬಂದು ಹೇಳಿದರು. ಅವರಿಗೂ ಬೇಜಾರಿತ್ತು, ಪಾಪ.

ಜೂನ್ ಎರಡನೇ ಶನಿವಾರ ಬೆಳಿಗ್ಗೆ ಬಳಗದ ಬಸ್ಸು ನಮ್ಮ ಸ್ಟುಡಿಯೋ ಮುಂದೆಯೇ ಹೋಯಿತು. ಕಿಟಕಿಯಲ್ಲಿ ಹುಡುಗರು ಟೋಪಿ ಹಾಕಿಕೊಂಡು ಹಾಡುತ್ತಿದ್ದರು. ದಾನಮ್ಮ ಹೊಲಿಸಿಕೊಂಡ ಹಸಿರು ಚೂಡಿದಾರದಲ್ಲೇ ಬಂದಿದ್ದಳು, ತಲೆ ಎತ್ತದೆ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿದ್ದಕ್ಕೋ ಏನೋ, ಯಾವತ್ತೂ ತಪ್ಪದ ಕೈ ತಪ್ಪಿತು. ಎಂಟೂ ಫೋಟೊದಲ್ಲಿ ಗಿರಾಕಿಯ ಬಲಗಿವಿ ಹಾರಿಹೋಯಿತು.

ಗಿರಾಕಿ ಫೋಟೊ ನೋಡಿ, "ಏನ್ ಸಾರ್ ಇದು, ನನ್ ಕಿವಿ ಎಲ್ಲಿ?" ಎಂದು ದನಿ ಏರಿಸಿದರು. ತಪ್ಪು ನಮ್ಮದೇ, ಅವರದೇನೂ ಇಲ್ಲ. ಆದರೆ ಬೆಳಗಿನಿಂದ ತಡೆದಿಟ್ಟುಕೊಂಡಿದ್ದದ್ದು ಅವರ ಮೇಲೇ ಒಡೆಯಿತು.

"ಒಂದು ಕಿವಿ ಹೋದ್ರೆ ಏನ್ರೀ ಆಯ್ತು! ಇನ್ನೊಂದಿದೆಯಲ್ಲ! ಈ ಹುಡುಗಿಗೆ ಒಂದು ಇಡೀ ಕಾಡೇ ಹೋಯ್ತು, ಅವಳು ಕೇಳಿದಳೇನ್ರೀ?" ಎಂದು ಅರಚಿದೆ. ಅರಚುತ್ತಾ ನನ್ನ ಕಣ್ಣಲ್ಲೂ ನೀರು ಬಂದುಬಿಟ್ಟಿತು.

ಅವರು ಎರಡು ಹೆಜ್ಜೆ ಹಿಂದೆ ಸರಿದು, ನನ್ನನ್ನೂ ದಾನಮ್ಮನನ್ನೂ ಬದಲಿಸಿ ಬದಲಿಸಿ ನೋಡಿ, ಬಹಳ ಮೆತ್ತಗೆ ಕೇಳಿದರು.

"ಯಾವ ಕಾಡು ಸಾರ್?"